ಬೀಗ ಎಂದರೆ ಆಕ್ಷೇಪಣೆ ಇಲ್ಲ

ಒಳಗೆ ಜನ ಉಸಿರಾಡಿಕೊಂಡಿದ್ದರೂ ಮನೆಗೆ ‘ಬೀಗ’ ಎಂದು ಬರೆಯುವ ವಿದ್ಯೆ ಆ ನಗರ ಕಚೇರಿಯವರಿಗೆ ಚೆನ್ನಾಗಿ ಒಲಿದಿತ್ತು. ಬಾಗಿಲನ್ನು ಮೂರು ಸಲ ತಟ್ಟಬೇಕು. ತೆರೆಯದಿದ್ದರೆ ಫಾರಂನಲ್ಲಿ ‘ಬೀಗ’ ಎಂದು ಗೀಚಿ ಮುಂದಿನ ಮನೆಗೆ ನಡೆಯಬೇಕು. ಹೊರಗೆ ನಾಲ್ಕು ಜೊತೆ ಚಪ್ಪಲಿ ಬಿದ್ದಿರಲಿ, ಒಳಗೆ ಟೀವಿ ಬೊಬ್ಬೆ ಹೊಡೆಯುತ್ತಿರಲಿ, ಕಿಟಕಿಯ ಪರದೆ ಸರಿದು ಒಂದು ಕಣ್ಣು ಇಣುಕಿ ಮಾಯವಾಗಲಿ, ಬೀಗ ಅಂದರೆ ಬೀಗ. ಹನ್ನೊಂದು ವರ್ಷದಿಂದ ಮನೆಮನೆ ಸುತ್ತಿ ಫಾರಂ ತುಂಬುತ್ತಿದ್ದ ಗಣತಿಯವಳೂ ಈ ವಿದ್ಯೆಯನ್ನು ಮರುಮಾತಿಲ್ಲದೆ ಕಲಿತಿದ್ದಳು. ಓಣಿಯ ಜನ ಅವಳನ್ನು ಫಾರಂ ಮೇಡಂ ಎಂದು ಕರೆಯುತ್ತಿದ್ದರು. ಆ ಹೆಸರಿನ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ. ಈ ಕಥೆ ನಡೆಯುವವರೆಗೆ ಆ ಕೆಲಸದ ಬಗ್ಗೆಯೂ ಇರಲಿಲ್ಲ.

ಈ ಸಲದ ಫಾರಂ ಒಂದೇ ಹಾಳೆಯದು, ಒಂದೇ ಪ್ರಶ್ನೆಯದು. ‘ನಗರದ ಬಸ್ಸುಗಳಲ್ಲಿ ಮಾಸ್ಕ್ ಕಡ್ಡಾಯ ಎಂಬ ನಿಯಮವನ್ನು ತೆಗೆಯಬೇಕೆ?’ ಕೆಳಗೆ ಎರಡು ಚೌಕ: ‘ತೆಗೆಯಬೇಕು’, ‘ಇರಲಿ’. ಅದರ ಕೆಳಗೆ ಮನೆಯವರ ಸಹಿ. ರೋಗ ಬಂದು ಎರಡು ವರ್ಷದ ಮೇಲಾಗಿತ್ತು. ಅಂಗಡಿಗಳಲ್ಲಿ ನಿಯಮ ಹೋಗಿತ್ತು, ಶಾಲೆಗಳಲ್ಲಿ ಹೋಗಿತ್ತು, ಸಿನಿಮಾ ಮಂದಿರಗಳಲ್ಲಂತೂ ಹೋಗುವ ಮೊದಲೇ ಹೋಗಿತ್ತು. ಉಳಿದದ್ದು ಬಸ್ಸೊಂದೇ. ಅದೂ ಯಾಕೆ ಎಂದು ಜನ ಗೊಣಗತೊಡಗಿದಾಗ ಕಚೇರಿಯವರು, ಜನರನ್ನೇ ಕೇಳಿಬಿಡೋಣ ಎಂದು ನಾಲ್ವರ ಕೈಗೆ ಫಾರಂ ಕೊಟ್ಟು ಬೀದಿಗಿಳಿಸಿದರು.

ಗಣತಿಯವಳಿಗೆ ಆ ಬಸ್ಸಿನ ಮೇಲೆ ಸ್ವಂತದ್ದೊಂದು ಆಸೆ ಇತ್ತು. ಅವಳ ಅಕ್ಕ ಪ್ರತಿ ಮಂಗಳವಾರ ಹತ್ತು ಗಂಟೆಯ ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ರಕ್ತಪರೀಕ್ಷೆಗೆ ಹೋಗಬೇಕಿತ್ತು. ಆರು ವರ್ಷದ ಹಿಂದೆ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಾಗ ಗಣತಿಯವಳು ತನ್ನದೊಂದನ್ನು ಕೊಟ್ಟಿದ್ದಳು. “ನನ್ನದೊಂದು ತುಂಡು ನಿನ್ನ ಹತ್ರ ಇದೆ, ಜೋಪಾನ” ಎಂದು ಆಗಾಗ ರೇಗಿಸುತ್ತಿದ್ದಳು. “ಕೊಟ್ಟದ್ದನ್ನ ಎಷ್ಟು ಸಲ ಹೇಳ್ತೀಯೇ, ವಾಪಸ್ ಬೇಕಾದ್ರೆ ತಗೊಂಡು ಹೋಗು” ಎಂದು ಅಕ್ಕನೂ ಬಿಡುತ್ತಿರಲಿಲ್ಲ. ಆದರೆ ಜೋಪಾನದ ಮಾತು ತಮಾಷೆಯದಾಗಿರಲಿಲ್ಲ. ಹೊರಗಿನಿಂದ ಬಂದ ಕಿಡ್ನಿಯನ್ನು ಮೈ ತಳ್ಳಿಹಾಕದಿರಲಿ ಎಂದು ಅಕ್ಕ ದಿನವೂ ನುಂಗುವ ಮಾತ್ರೆಗಳು, ರೋಗ ತಡೆಯುವ ಶಕ್ತಿಯನ್ನೂ ಮಂಕು ಮಾಡುತ್ತಿದ್ದವು. ಲಸಿಕೆ ಹಾಕಿಸಿಕೊಂಡರೂ ಅವಳ ಮೈಗೆ ಅಷ್ಟಾಗಿ ಹತ್ತಿರಲಿಲ್ಲ. “ನೀವೊಬ್ಬರು ಮಾಸ್ಕ್ ಹಾಕಿಕೊಂಡರೆ ಅರ್ಧ ಕಾವಲು, ಎದುರಿನವರೂ ಹಾಕಿಕೊಂಡರೆ ಪೂರ್ತಿ ಕಾವಲು” ಎಂದಿದ್ದರು ಡಾಕ್ಟರು. ವಾರವಾರ ಟ್ಯಾಕ್ಸಿ ಮಾಡುವ ಶಕ್ತಿ ಅಕ್ಕತಂಗಿಯರಿಬ್ಬರಿಗೂ ಇರಲಿಲ್ಲ. ಹಾಗಾಗಿ ಅಕ್ಕ ಊರನ್ನೆಲ್ಲ ಜನರಿಗೆ ಬಿಟ್ಟುಕೊಟ್ಟು ಒಂದು ಬಸ್ಸನ್ನು ಮಾತ್ರ ಇಟ್ಟುಕೊಂಡಿದ್ದಳು. ಉಳಿದ ಆರು ದಿನ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದಳು.

ಬಾಗಿಲು ಹಾಕಿಕೊಳ್ಳುವುದನ್ನು ಕಲಿಸಿದವಳೂ ತಂಗಿಯೇ. “ನೋಡು, ನಾನಲ್ಲದೆ ಯಾರು ತಟ್ಟಿದ್ರೂ ತೆಗೀಬೇಡ. ಗ್ಯಾಸಿನವನಾಗ್ಲಿ, ಪಕ್ಕದ ಮನೆಯವರಾಗ್ಲಿ. ಜೀವಕ್ಕಿಂತ ಮುಲಾಜು ದೊಡ್ಡದಲ್ಲ” ಎಂದು ಮಗುವಿಗೆ ಹೇಳುವಂತೆ ನೂರು ಸಲ ಹೇಳಿದ್ದಳು. ಅಕ್ಕ ಚಾಚೂ ತಪ್ಪದೆ ಪಾಲಿಸುತ್ತಿದ್ದಳು.

ಸ್ವಂತ ನೆಂಟರಿರುವ ಬೀದಿಗೆ ಯಾರೂ ಹೋಗಬಾರದು ಎಂಬುದು ಕಚೇರಿಯ ಕಟ್ಟಳೆ. ಅಕ್ಕನ ಬೀದಿ ಎಕ್ಸ್‌ಪ್ರೆಸ್‌ನ ಪಾಲಿಗೆ ಹೋಯಿತು. ಎಕ್ಸ್‌ಪ್ರೆಸ್ ಎಂದರೆ ಅವಳ ಜೊತೆಯ ಗಣತಿಯವನು. ಬೇರೆಯವರು ಒಂದು ಬೀದಿ ಮುಗಿಸುವಷ್ಟರಲ್ಲಿ ನಾಲ್ಕು ಮುಗಿಸಿ ನೆರಳಲ್ಲಿ ಕೂತಿರುತ್ತಿದ್ದುದರಿಂದ ಬಂದ ಹೆಸರು. ಗಣತಿಯವಳಿಗೆ ಬಂದದ್ದು ಮಾರುಕಟ್ಟೆಯ ಹಿಂದಿನ ಮುನ್ನೂರು ಮನೆ.

ಬಾಗಿಲು ತೆರೆದವರು ಮನಸ್ಸನ್ನೂ ತೆರೆದರು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದ ಒಬ್ಬ ದಪ್ಪ ಮೀಸೆಯವನು, “ಮೂಗು ನಂದು, ಬಾಯಿ ನಂದು, ಮಧ್ಯೆ ನಿಮ್ಮ ಕಚೇರಿಗೇನ್ರೀ ಕೆಲಸ?” ಎಂದು ಕೂಗಾಡಿ, ಚೌಕದ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದ. ಮುಂದಿನ ಮನೆಯಲ್ಲಿ ಗಂಡ ‘ತೆಗೆಯಬೇಕು’ ಎಂದ, ಹೆಂಡತಿ ‘ಇರಲಿ’ ಎಂದಳು. ಮನೆಗೊಂದೇ ಸಹಿ ಎಂದು ಗಣತಿಯವಳು ಹೇಳುವಷ್ಟರಲ್ಲಿ ಗಂಡ ಪೆನ್ನು ಕಿತ್ತುಕೊಂಡು ಸಹಿ ಹಾಕಿಯಾಗಿತ್ತು. ಮೂಲೆಮನೆಯ ತಾತ ಬಾಗಿಲು ತೆರೆದವನೇ ಬಾಯಿಯನ್ನೂ ಅಗಲವಾಗಿ ತೆರೆದು ಎರಡು ಸಾಲು ಹೊಳೆಯುವ ಹಲ್ಲು ತೋರಿಸಿದ.

“ಎರಡು ವರ್ಷ ಆಯ್ತು ಮಗಳೇ ಈ ಸೆಟ್ ಮಾಡಿಸಿ. ಒಬ್ಬರಾದ್ರೂ ನೋಡಿದ್ದಾರಾ? ಬಸ್ಸಲ್ಲಿ ನಗೋಣ ಅಂದ್ರೆ ಮುಖಕ್ಕೆ ಬಟ್ಟೆ!”

ಗಣತಿಯವಳು ಮಾಸ್ಕಿನೊಳಗೇ ನಕ್ಕಳು. “ತುಂಬ ಚೆನ್ನಾಗಿದೆ ತಾತ” ಎಂದು ಅವನ ‘ತೆಗೆಯಬೇಕು’ ಬರೆದುಕೊಂಡಳು.

ಟೈಲರಮ್ಮನ ಮನೆಯಲ್ಲಿ ಅವಳಿಗೆ ನಗು ಬರಲಿಲ್ಲ. ಟೈಲರಮ್ಮನಿಗೆ ಕಿವಿ ಕೇಳಿಸದು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುವವಳು. ಗಣತಿಯವಳ ಮುಖದ ಕಡೆ ಕೈ ತೋರಿಸಿ, “ನಿಮ್ಮ ಬಾಯಿ ಕಾಣ್ಸಲ್ಲ. ನೀವೇನಂತಿದೀರಿ ನಂಗೆ ಗೊತ್ತಾಗಲ್ಲ” ಎಂದಳು. ಗಣತಿಯವಳು ಗೇಟಿನವರೆಗೆ ಹಿಂದೆ ಸರಿದು, ಮಾಸ್ಕು ಇಳಿಸಿ ಪ್ರಶ್ನೆಯನ್ನು ಬಿಡಿಬಿಡಿಯಾಗಿ ಹೇಳಿದಳು. “ತೆಗೀಲಿ” ಎಂದಳು ಟೈಲರಮ್ಮ. “ಎರಡು ವರ್ಷ ಇದೇ ಊರಲ್ಲಿದ್ದೂ ಭಾಷೆ ಬರದ ಊರಲ್ಲಿದ್ದ ಹಾಗಿತ್ತು. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿದ್ರೂ ನಂಗೆ ಗೊತ್ತಿಲ್ಲ.” ಅವಳ ಮೇಲೆ ಸಿಟ್ಟಾಗಲು ಗಣತಿಯವಳಿಗೆ ಯಾವ ದಾರಿಯೂ ಕಾಣಲಿಲ್ಲ. ಅಕ್ಕನ ಮುಖ ಕಣ್ಮುಂದೆ ಬಂತು, ಆದರೂ ಚೌಕದೊಳಗೆ ನೆಟ್ಟಗೆ ಗುರುತು ಹಾಕಿದಳು.

ತೆರೆಯದ ಬಾಗಿಲುಗಳೂ ಇದ್ದವು, ಬೇರೆ ಗಣತಿಗಳಿಗಿಂತ ಹೆಚ್ಚಾಗಿಯೇ ಇದ್ದವು. ಒಂದು ಮನೆಯಲ್ಲಿ ತಟ್ಟಿದ ಮೇಲೆ ಕೆಮ್ಮು ಕೇಳಿಸಿತು, ಆಮೇಲೆ ಬಾಗಿಲ ಸಂದಿಯಿಂದ ಒಂದು ಚೀಟಿ ಹೊರಬಂತು. ‘ಮಾಸ್ಕ್ ಇರಲಿ. ನನಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ. ಬಾಗಿಲು ತೆಗೆಯೋಲ್ಲ, ತಪ್ಪು ತಿಳಿಯಬೇಡಿ.’ ಕೆಳಗೆ ಸಹಿಯೂ ಇತ್ತು. ಗಣತಿಯವಳು ಸಂಜೆ ಅದನ್ನು ಕಚೇರಿಯಲ್ಲಿ ಮೇಲ್ವಿಚಾರಕರಿಗೆ ತೋರಿಸಿದಳು. ಏನೇ ಹೇಳಿದರೂ ಕೊನೆಗೆ ‘ಮುಗೀತು’ ಎನ್ನುವುದು ಅವರ ಅಭ್ಯಾಸ. ಬೆನ್ನ ಹಿಂದೆ ಎಲ್ಲರೂ ಅವರನ್ನು ಮುಗೀತು ಸಾಹೇಬರು ಎನ್ನುತ್ತಿದ್ದರು.

“ನಿಮ್ಮ ಕಣ್ಣೆದುರಿಗೆ ಸಹಿ ಹಾಕಿದ್ರಾ?”

“ಇಲ್ಲ ಸಾರ್. ಬಾಗಿಲ ಸಂದೀಲಿ...”

“ಹಾಗಾದ್ರೆ ಬೀಗ ಅಂತ ಹಾಕಿ. ಮುಗೀತು.”

ಅವಳು ‘ಬೀಗ’ ಎಂದು ಹಾಕಿದಳು. ಇದನ್ನು ಮುಚ್ಚಿಟ್ಟು ಅವಳನ್ನು ದೊಡ್ಡ ಮನುಷ್ಯಳು ಮಾಡುವುದು ಬೇಡ, ಅವಳೂ ಹಾಕಿದಳು. ಅಂಥ ಮನೆಗಳು ಮುನ್ನೂರರಲ್ಲಿ ನೂರಾಹನ್ನೆರಡು. ಎಲ್ಲೋ ಒಂದು ಕಡೆ ಅವನ್ನು ಬದಿಗಿಡುತ್ತಾರೆ, ಮತ್ತೆ ಕೇಳುತ್ತಾರೆ ಎಂದುಕೊಂಡಿದ್ದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಫಾರಂ ಕೊಟ್ಟಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅವಳು ಹಿಂದೆ ಹೋಗಿ ನೋಡಿರಲಿಲ್ಲ.

ಈ ಸಲ ನೋಡಿದಳು. ಶುಕ್ರವಾರ ಮಧ್ಯಾಹ್ನ, ಮರೆತುಬಿಟ್ಟ ಪೆನ್ನು ಹುಡುಕಿಕೊಂಡು ಕಚೇರಿಯ ಹಿಂದಿನ ಕೋಣೆಗೆ ಹೋದಾಗ ಗೋಡೆಯ ಬೋರ್ಡಿನ ಮೇಲೆ ಅವಳ ಮುನ್ನೂರು ಮನೆಯ ಲೆಕ್ಕ ಬರೆದಿತ್ತು. ‘ಇರಲಿ’ ಐವತ್ತೇಳು. ‘ತೆಗೆಯಬೇಕು’ ಇನ್ನೂರಾ ನಲವತ್ಮೂರು. ಶೇಕಡ ಎಂಬತ್ತೊಂದು. ಗಣತಿಯವಳು ಬೆರಳು ಮಡಚಿ ಮತ್ತೆ ಮತ್ತೆ ಕೂಡಿದಳು. ಅವಳು ಕೈಯಾರೆ ಹಾಕಿದ ‘ತೆಗೆಯಬೇಕು’ ನೂರಾ ಮೂವತ್ತೊಂದೇ.

“ಇಷ್ಟೊಂದು ಎಲ್ಲಿಂದ ಬಂತ್ರೀ?” ಎಂದು ಲೆಕ್ಕದ ಗುಮಾಸ್ತೆಯನ್ನು ಕೇಳಿದಳು.

ಗುಮಾಸ್ತೆ ತಲೆ ಎತ್ತದೆ ಹೇಳಿದಳು: “ಬೀಗದ್ದು ಸೇರಿಸಿದೆ. ಬೀಗ ಅಂದ್ರೆ ಆಕ್ಷೇಪಣೆ ಇಲ್ಲ ಅಂತ. ಆಕ್ಷೇಪಣೆ ಇಲ್ಲ ಅಂದ್ರೆ ಒಪ್ಪಿಗೆ.”

“ಯಾವಾಗಿಂದ?”

“ಯಾವಾಗ್ಲಿಂದ್ಲೂ. ಬೀದಿದೀಪದ ಕಂಬ ಹಾಕೋವಾಗ, ನೀರಿನ ಪೈಪ್ ಹಾಕೋವಾಗ ಎಲ್ಲ ಹೀಗೇ ತಾನೇ ಮಾಡಿದ್ದು? ಮನೇಲಿ ಇಲ್ಲದೇ ಇರೋರಿಗೆ ಕಂಬದ ಮೇಲೇನು ತಕರಾರು?”

ಗಣತಿಯವಳಿಗೆ ಅಕ್ಕನ ಮುಚ್ಚಿದ ಬಾಗಿಲು ನೆನಪಾಯಿತು. ಮೇಜಿನ ಮೇಲಿದ್ದ ಎಕ್ಸ್‌ಪ್ರೆಸ್‌ನ ಕಟ್ಟನ್ನು ಎಳೆದುಕೊಂಡು ಹಾಳೆಗಳನ್ನು ಸರಸರ ತಿರುವಿದಳು. ಅಕ್ಕನ ಬೀದಿ ಸಿಕ್ಕಿತು, ಮನೆ ನಂಬರು ಸಿಕ್ಕಿತು. ಎಕ್ಸ್‌ಪ್ರೆಸ್‌ನ ಓಡುವ ಅಕ್ಷರದಲ್ಲಿ ‘ಬೀಗ’ ಎಂದಿತ್ತು. ಪಕ್ಕದಲ್ಲಿ ಗುಮಾಸ್ತೆಯ ಕೆಂಪು ಶಾಯಿ: ‘ಆಕ್ಷೇಪಣೆ ಇಲ್ಲ’.

ಮಾಸ್ಕ್ ತೆಗೆದರೆ ಮೊದಲು ಯಾರ ಕುತ್ತಿಗೆಗೆ ಬರುತ್ತದೋ ಅವಳೇ ಸಂತೋಷದಿಂದ ಒಪ್ಪಿದ್ದಾಳೆ. ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡವರನ್ನೆಲ್ಲ ಹೆಕ್ಕಿ ಹೆಕ್ಕಿ, ರೋಗದ ಭಯ ಇಲ್ಲದವರ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಗಣತಿಯವಳಿಗೆ ಮೈಯೆಲ್ಲ ಉರಿಯಿತು. ಕಟ್ಟನ್ನು ಎತ್ತಿಕೊಂಡು ನೇರ ಮುಗೀತು ಸಾಹೇಬರ ಕೋಣೆಗೆ ನುಗ್ಗಿದಳು.

ಸಾಹೇಬರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಕುರ್ಚಿ ತೋರಿಸಿದರು, ನೀರು ಕುಡಿಯಿರಿ ಎಂದರು.

“ನೋಡಿ, ಜನ ಸುಸ್ತಾಗಿದ್ದಾರೆ. ಎರಡು ವರ್ಷ ಯಾರ ಮುಖ ಯಾರು ನೋಡಿದೀವಿ ಹೇಳಿ? ಹೆದರಿಕೊಂಡು ಒಳಗೆ ಕೂತಿರೋ ನಾಲ್ಕು ಜನಕ್ಕೋಸ್ಕರ ಊರಿಗೆ ಊರೇ ಮೂಗು ಮುಚ್ಕೊಂಡಿರಬೇಕಾ?”

“ಊರು ಬೇಡ ಸಾರ್. ಒಂದು ಬಸ್ಸು.”

“ಅದಕ್ಕೇ ಅಲ್ವಾ ಕೇಳಿದ್ದು? ಕೇಳಿದ್ವಿ, ಉತ್ತರ ಬಂತು. ಮುಗೀತು.”

“ನೀವು ಕೇಳಿದ್ದು ಬಾಗಿಲು ತೆಗೆದವರನ್ನ. ಹೆದರಿಕೆ ಇಲ್ಲದವರು ತಾನೇ ಬಾಗಿಲು ತೆಗೆಯೋದು? ಈಜು ಬರೋರನ್ನ ಮಾತ್ರ ನಿಲ್ಲಿಸಿ ಹೊಳೆ ಆಳ ಇದ್ಯಾ ಅಂತ ಕೇಳಿದ ಹಾಗಾಯ್ತು ಇದು!”

“ಕೂಗಾಡಬೇಡಿ. ಸೋಮವಾರ ಹನ್ನೊಂದಕ್ಕೆ ಸಾರ್ವಜನಿಕ ಸಭೆ ಇದೆ. ಆಕ್ಷೇಪಣೆ ಇರೋರು ಅಲ್ಲಿ ಬಂದು ಹೇಳ್ಲಿ.”

ಇನ್ನೂರು ಜನ ಭುಜಕ್ಕೆ ಭುಜ ತಾಗಿಸಿ ಕೂರುವ ಸಭಾಂಗಣಕ್ಕೆ ಬಾಗಿಲು ಹಾಕಿಕೊಂಡವರು ಬರಬೇಕಂತೆ, ಜನರ ಉಸಿರಿಗೆ ಹೆದರುತ್ತೇವೆ ಎಂದು ಹೇಳಿಹೋಗಲು. ಗಣತಿಯವಳಿಗೆ ಮಾತೇ ಹೊರಡಲಿಲ್ಲ. ಸಾಹೇಬರು ಅದನ್ನೂ ಒಪ್ಪಿಗೆ ಎಂದುಕೊಂಡು ಫೈಲಿಗೆ ಕೈ ಹಾಕಿದರು.

ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಹೋದಳು. ತಮ್ಮಿಬ್ಬರ ಗುರುತಿನಂತೆ ಎರಡು ಸಲ ತಟ್ಟಿ, ತಡೆದು, ಇನ್ನೊಂದು ಸಲ ತಟ್ಟಿದಳು. ಬಾಗಿಲು ತೆರೆಯಿತು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಗೂ ತಂಗಿ ಬಾಗಿಲ ಪಕ್ಕದ ಮಣೆಗೂ ಹೋಗಿ ಕೂತರು. ಎರಡು ವರ್ಷದಿಂದ ಅವರ ಜಾಗ ಅದೇ. ತಂಗಿ ನಡೆದದ್ದನ್ನೆಲ್ಲ ಹೇಳಿದಳು.

“ನಿಮ್ಮ ಆಫೀಸಿನವನು ಬಂದಿದ್ದ” ಎಂದಳು ಅಕ್ಕ. “ಬುಧವಾರ. ಮೂರು ಸಲ ತಟ್ಟಿದ. ನೀನು ಹೇಳಿದ್ಯಲ್ಲ, ತೆಗೀಬೇಡ ಅಂತ. ತೆಗೀಲಿಲ್ಲ. ಒಳಗಿಂದಲೇ ಕೂಗಿದೆ, ‘ಇದೀನಪ್ಪಾ, ಮಾಸ್ಕ್ ಇರಲಿ ಅಂತ ಬರ್ಕೋ’ ಅಂತ. ಗಂಟಲು ಕಿತ್ತುಹೋಗೋ ಹಾಗೆ ಕೂಗಿದೆ. ಅವನು ಫೋನಲ್ಲಿ ಯಾರ ಜೊತೇನೋ ನಗ್ತಾ ಇದ್ದ. ‘ಇದೂ ಬೀಗ’ ಅಂದ. ಹೋದ.”

“ನನ್ನಿಂದ್ಲೇ ಆಯ್ತು” ಎಂದಳು ತಂಗಿ. “ನಾನೇ ತೆಗೀಬೇಡ ಅಂದೆ.”

“ನಿನ್ನಿಂದ ಆಗಿದ್ದು ಅದಲ್ಲ.” ಅಕ್ಕನ ದನಿ ಏರಿತು. “ನೀನೆಷ್ಟು ಬೀಗ ಹಾಕಿದೆ, ಅದು ಹೇಳು.”

ತಂಗಿ ತಲೆ ತಗ್ಗಿಸಿದಳು. “ನೂರಾಹನ್ನೆರಡು.”

“ಅಂದ್ರೆ ನೂರಾಹನ್ನೆರಡು ಮನೇಲಿ ನನ್ನಂಥವಳು ಒಬ್ಬೊಬ್ಬಳು ಕೂಗಿರ್ತಾಳೆ. ಮೊದಲು ಅವರ ಮನೆಗೆ ಹೋಗು. ಇಲ್ಲಿ ಬಂದು ಅಳ್ತಾ ಕೂರಬೇಡ.”

ಗಣತಿಯವಳು ಶನಿವಾರವೂ ಹೋದಳು, ಭಾನುವಾರವೂ ಹೋದಳು. ತಟ್ಟಿ, ನಾಲ್ಕು ಹೆಜ್ಜೆ ಹಿಂದೆ ನಿಂತು, “ತೆಗೀಬೇಡಿ! ಒಳಗಿಂದಲೇ ಹೇಳಿ, ಇಲ್ಲಾ ಚೀಟಿ ಬರೆದು ತಳ್ಳಿ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಎದುರುಮನೆಗಳವರು ಹೊರಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ದಪ್ಪ ಮೀಸೆಯವನು, “ಫಾರಂ ಮೇಡಮ್ಮಿಗೆ ತಲೆ ಕೆಟ್ಟಿತು” ಎಂದು ನಕ್ಕ. ಕೆಲವು ಮನೆಗಳು ನಿಜವಾಗಿಯೂ ಖಾಲಿ ಇದ್ದವು. ಆದರೆ ಎಪ್ಪತ್ತು ಬಾಗಿಲುಗಳ ಸಂದಿಯಿಂದ ಎಪ್ಪತ್ತು ಚೀಟಿ ಬಂದವು. ಕ್ಯಾಲೆಂಡರಿನ ಹಿಂಬದಿ, ಔಷಧದ ಡಬ್ಬಿಯ ರಟ್ಟು, ಮಕ್ಕಳ ಕಾಪಿ ಪುಸ್ತಕದ ಹಾಳೆ. ಒಂದರಲ್ಲಿ, ‘ಅಮ್ಮನಿಗೆ ಉಸಿರಾಟದ ತೊಂದರೆ’ ಎಂದಿತ್ತು. ಇನ್ನೊಂದರಲ್ಲಿ, ‘ಕೇಳಿದ್ದಕ್ಕೆ ಥ್ಯಾಂಕ್ಸ್’ ಎಂದಷ್ಟೇ ಇದ್ದು, ಉತ್ತರ ಬರೆಯುವುದೇ ಮರೆತುಹೋಗಿತ್ತು. ಮತ್ತೆ ಒಳಗೆ ತಳ್ಳಿ ಬರೆಸಿಕೊಂಡಳು. ಒಂಬತ್ತು ಜನ ‘ತೆಗೆಯಿರಿ’ ಎಂದಿದ್ದರು. ಅವುಗಳನ್ನೂ ಅವಳು ಉಳಿದವುಗಳಷ್ಟೇ ಜೋಪಾನವಾಗಿ ಒಂದು ಪುಸ್ತಕಕ್ಕೆ ಅಂಟಿಸಿದಳು. ಉಳಿದ ಅರವತ್ತೊಂದೂ ‘ಇರಲಿ’.

ಸೋಮವಾರ ಸಭಾಂಗಣ ಕಿಕ್ಕಿರಿದಿತ್ತು. ಒಂದೇ ಒಂದು ಮುಖದ ಮೇಲೆ ಮಾಸ್ಕು, ಅದು ಗಣತಿಯವಳದು. ಮುಗೀತು ಸಾಹೇಬರು ಎದ್ದು ನಿಂತು, ಊರಿಡೀ ಶೇಕಡ ಎಂಬತ್ತು ಮಂದಿ ಒಪ್ಪಿದ್ದಾರೆ ಎಂದು ಓದಿದರು. ಚಪ್ಪಾಳೆ ಬಿತ್ತು, ದಪ್ಪ ಮೀಸೆಯವನದು ಎಲ್ಲರಿಗಿಂತ ಜೋರಾಗಿತ್ತು. ಗಣತಿಯವಳು ಚೀಟಿಗಳ ಪುಸ್ತಕವನ್ನು ಅಧ್ಯಕ್ಷೆಯ ಮುಂದೆ ಇಟ್ಟು, ಬೀಗದ ಕಥೆಯನ್ನು ಒಂದೂ ಬಿಡದೆ ಹೇಳಿದಳು. ಕೆಲವರು ನಕ್ಕರು. ಸಾಹೇಬರ ಕಿವಿ ಕೆಂಪಾಯಿತು.

“ಈ ಚೀಟಿಗಳನ್ನ ಯಾರು ಬರೆದ್ರು ಅಂತ ನೋಡಿದವರು ಯಾರು ಮೇಡಂ?” ಎಂದು ಅವರು ಅಧ್ಯಕ್ಷೆಯ ಕಡೆ ತಿರುಗಿದರು. “ಖುದ್ದು ಹಾಜರಾಗಿ ಹೇಳಿದ್ರೆ ಮಾತ್ರ ಆಕ್ಷೇಪಣೆ. ಕಟ್ಟಳೆ ಅದು.”

ಅಧ್ಯಕ್ಷೆ ಪುಸ್ತಕದ ಪುಟಗಳನ್ನು ತಿರುವಿದರು, ಗಡಿಯಾರ ನೋಡಿದರು. “ಆಕ್ಷೇಪಣೆ ಇರುವವರು ಯಾರಾದರೂ ಹಾಜರಿದ್ದರೆ ಕೈ ಎತ್ತಿ” ಎಂದರು.

ಯಾರೂ ಎತ್ತಲಿಲ್ಲ. ಎತ್ತುವವರು ಅಲ್ಲಿರಲು ಸಾಧ್ಯವೇ ಇರಲಿಲ್ಲ. ಸಾಹೇಬರ ಬಾಯಿ ‘ಮುಗೀ’ ಎನ್ನುವವರೆಗೆ ಬಂದಿತ್ತು, ಅಷ್ಟರಲ್ಲಿ ಪಕ್ಕದ ಕಿಟಕಿಯ ಸರಳಿಗೆ ಯಾರೋ ಕೊಡೆಯಿಂದ ಟಣಟಣ ಬಡಿದರು. ಹೊರಗೆ, ಬಿಸಿಲಿನಲ್ಲಿ, ಕಣ್ಣೆರಡು ಬಿಟ್ಟು ಮುಖವೆಲ್ಲ ಮುಚ್ಚಿಕೊಂಡ ಒಬ್ಬಳು ಕೈ ಎತ್ತಿ ನಿಂತಿದ್ದಳು. ಗಣತಿಯವಳಿಗೆ ಆ ಕೊಡೆಯ ಗುರುತು ಸಿಕ್ಕಿತು.

“ಯಾರಮ್ಮ ನೀವು? ಒಳಗೆ ಬಂದು ಹೇಳಿ” ಎಂದರು ಅಧ್ಯಕ್ಷೆ.

“ಒಳಗೆ ಬರೋಕಾಗಲ್ಲ” ಎಂದಳು ಅಕ್ಕ. “ಒಳಗೆ ಬರೋಕಾಗಲ್ಲ ಅನ್ನೋದೇ ನನ್ನ ಆಕ್ಷೇಪಣೆ.”

ಸಭೆ ಒಂದು ಗಳಿಗೆ ಗಪ್‌ಚಿಪ್ಪಾಯಿತು. ಆದರೆ ಸಭೆಗಳ ಮೌನಕ್ಕೆ ಆಯಸ್ಸು ಕಡಿಮೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಇನ್ನಾರೋ “ಹೊತ್ತಾಯ್ತು” ಎಂದರು. ಅಧ್ಯಕ್ಷೆ ಗಂಟಲು ಸರಿಮಾಡಿಕೊಂಡು, “ಒಂದು ಆಕ್ಷೇಪಣೆ ಅಂತ ಬರ್ಕೊಳ್ಳಿ” ಎಂದರು. ಅರವತ್ತೊಂದು ಚೀಟಿಗೆ ಬೆಲೆ ಇಲ್ಲ. ಕಿಟಕಿಯ ಆಚೆ ನಿಂತ ಒಬ್ಬಳಿಗೆ ಒಂದು. ನಿಯಮ ಬಿದ್ದುಹೋಯಿತು. ಸಾಹೇಬರು ಅಲ್ಲೇ, ಜನ ಏಳುವ ಗದ್ದಲದಲ್ಲಿ, ಗಣತಿಯವಳಿಗೆ ಇನ್ನು ಮೇಲೆ ಬೀದಿ ಕೆಲಸ ಬೇಡ, ಹಳೇ ಕಡತದ ಕೋಣೆಯಲ್ಲಿ ಕೂತರೆ ಸಾಕು ಎಂದರು.

ಮರುದಿನ ಮಂಗಳವಾರ. ರಕ್ತಪರೀಕ್ಷೆ ಯಾರ ಅಭಿಪ್ರಾಯಕ್ಕೂ ಕಾಯುವುದಿಲ್ಲ. ಗಣತಿಯವಳು ರಜೆ ಹಾಕಿ ಅಕ್ಕನ ಜೊತೆ ಹೊರಟಳು. ಹತ್ತು ಗಂಟೆಯ ಬಸ್ಸು ಬಂದು ನಿಂತಿತು. ಬಾಗಿಲ ಪಕ್ಕ ಹೊಸ ಪ್ರಕಟಣೆಯ ಗೋಂದು ಇನ್ನೂ ಒಣಗಿರಲಿಲ್ಲ. ‘ಸಾರ್ವಜನಿಕರ ಅಭಿಪ್ರಾಯದಂತೆ ಇಂದಿನಿಂದ ಮಾಸ್ಕ್ ಕಡ್ಡಾಯವಲ್ಲ. ಯಾರಿಂದಲೂ ಆಕ್ಷೇಪಣೆ ಬಂದಿರುವುದಿಲ್ಲ.’

ಅಕ್ಕ ಅದನ್ನು ಎರಡು ಸಲ ಓದಿದಳು. “ನಂದೊಂದು ಇತ್ತಲ್ವೇನೇ?”

ಆ ಒಂದನ್ನೂ ನುಂಗಿ ನೀರು ಕುಡಿದಿದ್ದರು. ಗಣತಿಯವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. “ನೀನು ಇಲ್ಲೇ ನಿಲ್ಲು” ಎಂದು ಅಕ್ಕನಿಗೆ ಹೇಳಿ, ಕಂಡಕ್ಟರಿಗೆ “ಎರಡೇ ನಿಮಿಷ ಅಣ್ಣಾ” ಎಂದು ಕೈಮುಗಿದು ಬಸ್ಸು ಹತ್ತಿದಳು. ಚೀಲದಿಂದ ಖಾಲಿ ಫಾರಂ ತೆಗೆದಳು. ಒಳಗೆ ಇಪ್ಪತ್ಮೂರು ಜನ. ಮುಂದಿನ ಸೀಟಿನಲ್ಲಿ ಹಲ್ಲುಸೆಟ್ಟಿನ ತಾತ, ಅವನ ಹಿಂದೆ ಟೈಲರಮ್ಮ, ಮಧ್ಯದಲ್ಲಿ ದಪ್ಪ ಮೀಸೆಯವನು. ಅರ್ಧ ಬಸ್ಸು ಅವಳದೇ ಓಣಿಗಳದು.

“ಎಲ್ಲರಿಗೂ ಒಂದು ಪ್ರಶ್ನೆ” ಎಂದಳು. “ಕಚೇರಿ ಕೇಳಲಿಲ್ಲ, ನಾನು ಕೇಳ್ತಿದೀನಿ. ಕೆಳಗೆ ನಿಂತಿರೋಳು ನಮ್ಮಕ್ಕ. ಕಿಡ್ನಿ ಹಾಕಿಸ್ಕೊಂಡಿದ್ದಾಳೆ. ನಿಮಗೆ ನೆಗಡಿ ಆಗೋದು ಅವಳಿಗೆ ಸಾವಾಗುತ್ತೆ. ಆಸ್ಪತ್ರೆ ಅರ್ಧ ಗಂಟೆ ದಾರಿ. ಆ ಅರ್ಧ ಗಂಟೆ ಮಾಸ್ಕ್ ಹಾಕ್ಕೊಳ್ಳೋಕೆ ಯಾರದ್ದಾದ್ರೂ ಆಕ್ಷೇಪಣೆ ಇದ್ಯಾ?”

ಬಸ್ಸಿನೊಳಗೆ ಇಂಜಿನ್ನಿನ ಗುರುಗುರು ಮಾತ್ರ. ಟೈಲರಮ್ಮ ತನ್ನ ತುಟಿ ಮುಟ್ಟಿ ತೋರಿಸಿದಳು. ಗಣತಿಯವಳು ಬಾಗಿಲ ಮೆಟ್ಟಿಲಿಗೆ ಇಳಿದು ಮಾಸ್ಕು ಇಳಿಸಿ ಅದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದಳು. ಟೈಲರಮ್ಮ ಕೆಳಗೆ ನಿಂತಿದ್ದ ಅಕ್ಕನನ್ನು ನೋಡಿದಳು, ಚೀಲಕ್ಕೆ ಕೈ ಹಾಕಿ ಹೂವಿನ ಬಟ್ಟೆಯ ಮಾಸ್ಕು ತೆಗೆದು ಹಾಕಿಕೊಂಡಳು. ಬೇರೆಯವರ ಬಾಯಿ ಕಾಣಬೇಕು ಎಂದು ಕೇಳಿದವಳು ಅವಳು. ತನ್ನ ಬಾಯಿ ಮುಚ್ಚಿಕೊಳ್ಳಲು ಅವಳದೇನೂ ತಕರಾರಿರಲಿಲ್ಲ. ಅವಳನ್ನು ನೋಡಿ ಇನ್ನೂ ಆರು ಜನ ಹಾಕಿಕೊಂಡರು. ಮಾಸ್ಕು ಜೇಬಿನಲ್ಲೇ ಇತ್ತು, ನಿಯಮ ಹೋಗಿ ಒಂದು ದಿನವೂ ಆಗಿರಲಿಲ್ಲವಲ್ಲ.

ಉಳಿದ ಹದಿನಾರು ಜನ ಕಿಟಕಿ ನೋಡಿದರು, ಫೋನು ನೋಡಿದರು, ತಮ್ಮ ಚಪ್ಪಲಿ ನೋಡಿದರು.

ಗಣತಿಯವಳು ಒಂದೊಂದೇ ಸೀಟಿನ ಮುಂದೆ ನಿಂತು ಸೀಟಿನ ಕಂಬಿಯನ್ನು ಪೆನ್ನಿನಿಂದ ಮೂರು ಸಲ ತಟ್ಟಿದಳು. ಯಾರೂ ಮಾತಾಡಲಿಲ್ಲ. ತಟ್ಟಿದಳು, ಕಾದಳು, ಬರೆದಳು. ಕೊನೆಗೆ ಮುಂದೆ ಬಂದು ಹಾಳೆಯನ್ನು ಎತ್ತಿ ಹಿಡಿದಳು.

“ಹದಿನಾರು ಬೀಗ” ಎಂದಳು. “ಬೀಗ ಅಂದ್ರೆ ನಮ್ಮ ಕಚೇರೀಲಿ ಏನು ಗೊತ್ತಾ? ಆಕ್ಷೇಪಣೆ ಇಲ್ಲ ಅಂತ. ಆಕ್ಷೇಪಣೆ ಇಲ್ಲ ಅಂದ್ರೆ ಒಪ್ಪಿಗೆ. ಅಂದ್ಮೇಲೆ ನೀವೆಲ್ಲ ಒಪ್ಪಿದೀರಿ. ಹಾಕ್ಕೊಳ್ಳಿ.”

ದಪ್ಪ ಮೀಸೆಯವನು ಎದ್ದೇಬಿಟ್ಟ. “ಏನ್ರೀ ಇದು ಅನ್ಯಾಯ! ನಾವೆಲ್ಲಿ ಒಪ್ಪಿದ್ವಿ? ನಾವು ಸುಮ್ಮನೆ ಕೂತಿದ್ವಿ!”

“ನಮ್ಮಕ್ಕ ಸುಮ್ಮನೇನೂ ಕೂತಿರ್ಲಿಲ್ಲ. ಗಂಟಲು ಕಿತ್ತುಹೋಗೋ ಹಾಗೆ ಒಳಗಿಂದ ಕೂಗಿದ್ಲು. ಆದರೂ ಒಪ್ಪಿದ್ಲು ಅಂತಲೇ ಬರೆದ್ರು. ನಿನ್ನೆ ನಿಮಗೆ ಅದು ಅನ್ಯಾಯ ಅನ್ನಿಸ್ಲಿಲ್ಲ, ಸಭೇಲಿ ಕೂತು ಚಪ್ಪಾಳೆ ಹೊಡೆದ್ರಿ.” ಪೆನ್ನನ್ನು ಅವನ ಕಡೆ ಚಾಚಿದಳು. “ಆಕ್ಷೇಪಣೆ ಇದ್ರೆ ಹೇಳಿ, ಬರ್ಕೋತೀನಿ. ಅಲ್ಲಿ ನಿಂತಿದ್ದಾಳಲ್ಲ, ಅವಳ ಮುಖ ನೋಡ್ಕೊಂಡು ಹೇಳಿ. ಆಮೇಲೆ ಹೆಸರು, ಮನೆ ನಂಬರು, ಸಹಿ.”

ಅವನು ಬಾಗಿಲ ಕಡೆ ನೋಡಿದ. ಅಕ್ಕ ಕೊಡೆ ಊರಿಕೊಂಡು ಅವನನ್ನೇ ನೋಡುತ್ತಿದ್ದಳು. ಮನೆಯ ಬಾಗಿಲಲ್ಲಿ ಕಾಗದ ಹರಿಯುವಷ್ಟು ಒತ್ತಿ ಬರೆದವನು ಪೆನ್ನು ಮುಟ್ಟಲಿಲ್ಲ. ಕೂತು, ಮುಖ ತಿರುಗಿಸಿ, ಟವೆಲ್ಲನ್ನೇ ಮೂಗಿನ ಮೇಲೆ ಎಳೆದುಕೊಂಡ.

ತಾತ ಜೇಬು ತಡಕಿದ. “ಎರಡು ವರ್ಷ ಮುಚ್ಕೊಂಡಿದ್ದ ಹಲ್ಲು, ಇನ್ನರ್ಧ ಗಂಟೆ ಮುಚ್ಕೊಂಡ್ರೆ ಉದುರಿಹೋಗಲ್ಲ” ಎಂದು ಗೊಣಗಿ ಕಿವಿಗೆ ದಾರ ಸಿಗಿಸಿದ. ಒಬ್ಬರ ಹಿಂದೆ ಒಬ್ಬರು ಹಾಕಿಕೊಂಡರು, ಕೆಲವರು ಮುಖ ಸಿಂಡರಿಸಿಕೊಂಡೇ ಹಾಕಿಕೊಂಡರು. ಇಬ್ಬರು ಕೊನೆಗೂ ಹಾಕಿಕೊಳ್ಳಲಿಲ್ಲ. ಅವರನ್ನು ಕಂಡಕ್ಟರು ಹಿಂದಿನ ಸೀಟಿಗೆ ಕಳಿಸಿ, ಕಿಟಕಿಗಳನ್ನೆಲ್ಲ ತೆರೆದ.

ಅಕ್ಕ ಹತ್ತಿ ಬಂದು ಮುಂದಿನ ಕಿಟಕಿಯ ಪಕ್ಕ ಕೂತಳು. ಗಣತಿಯವಳು ಹಾಳೆಯ ಕೊನೆಯ ಸಾಲಿನಲ್ಲಿ ಅಕ್ಕನ ಮನೆಯ ನಂಬರು ಬರೆದಳು. ಅದರ ಮುಂದೆ ‘ಇದ್ದಾರೆ’ ಎಂದು ಬರೆದಳು. ಆಮೇಲೆ ಹಾಳೆಯನ್ನೂ ಪೆನ್ನನ್ನೂ ಅಕ್ಕನ ಕೈಗೆ ಕೊಟ್ಟಳು. ಬಸ್ಸು ಹೊರಟು ಜೋಲಿ ಹೊಡೆಯುತ್ತಿದ್ದರೂ ಅಕ್ಕ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ತಂಗಿಯ ಕಣ್ಣೆದುರಿಗೇ, ನಿಧಾನವಾಗಿ ಪೂರ್ತಿ ಸಹಿ ಹಾಕಿದಳು.